ಬರಾರ್ಡ್ ಸೇತುವೆ ಪಕ್ಕದ ಕಟ್ಟಡಗಳು: ಜಾಗ ಯಾರದು, ಮನೆ ಯಾರಿಗೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಕೆನಡಾದ ವ್ಯಾಂಕೂವರ್‌ಗೆ ಬಂದು ಎರಡು ವರ್ಷ ಆಯ್ತು. ದಿನಾ ಬರಾರ್ಡ್ ಸೇತುವೆ ಮೇಲೆ ಬಸ್ಸಲ್ಲಿ ಹೋಗುವಾಗ ಸೆನಾಕ್ವ್ ಕಟ್ಟಡಗಳು ಕಾಣುತ್ತವೆ. ಆಚೆ ಬೀದಿಗಳಲ್ಲಿ ಮೂರು ನಾಲ್ಕು ಮಹಡಿ, ಇಲ್ಲಿ ಮಾತ್ರ ಇಷ್ಟೆತ್ತರ ಹೇಗೆ? ಅದು ಸ್ಕ್ವಾಮಿಶ್ ಅನ್ನುವ ಮೂಲನಿವಾಸಿ ಜನರ ಜಾಗ, ಅವರಿಗೆ ನಗರಸಭೆಯ ನಿಯಮವೇ ಇಲ್ಲ ಅಂತಾರೆ. ನಿಜವಾ? ಅಲ್ಲಿ ಫ್ಲ್ಯಾಟ್ ಕೊಳ್ಳಬಹುದಾ? ಬಾಡಿಗೆ ಕಡಿಮೆ ಇರುತ್ತದಾ? ಈ ಕೆಲಸದಲ್ಲಿರುವವರು ದಯವಿಟ್ಟು ಹೇಳಿ.

ಉತ್ತರ: ಮೂಲನಿವಾಸಿ ಸಮುದಾಯಗಳ ಮನೆ ಯೋಜನೆಗಳಿಗೆ ಗುತ್ತಿಗೆ (ಲೀಸ್) ಪತ್ರ, ಸಾಲದ ಪತ್ರ ಮಾಡಿಕೊಡುವುದು ನನ್ನ ಕೆಲಸ. ಸೆನಾಕ್ವ್‌ನಲ್ಲಿ ನಾನಿಲ್ಲ, ಆದರೆ ಅದರ ವ್ಯವಹಾರ ಗೊತ್ತು.

ಕೊಳ್ಳೋಕೆ ಆಗಲ್ಲ. ಬಾಡಿಗೆಗೆಂದೇ ಕಟ್ಟುತ್ತಿರುವ ಮನೆಗಳು ಅವು, 11 ಕಟ್ಟಡ, ಸುಮಾರು 6,000 ಮನೆ. ಎತ್ತರದ ವಿಷಯ ನೀವು ಕೇಳಿದ್ದು ಅರ್ಧ ನಿಜ. ಅದು ರಿಸರ್ವ್ ಜಾಗ, ಅಂದರೆ ಮೂಲನಿವಾಸಿ ಸಮುದಾಯಕ್ಕೆಂದು ಕೇಂದ್ರ ಸರ್ಕಾರ ಮೀಸಲಿಟ್ಟ ಜಾಗ, ಹಾಗಾಗಿ ಎಲ್ಲಿ ಏನು ಕಟ್ಟಬೇಕು ಅನ್ನುವ ನಗರಸಭೆಯ ನಿಯಮ ಅಲ್ಲಿಗೆ ಬರುವುದಿಲ್ಲ. ಆದರೆ ನೀರು, ಚರಂಡಿ, ಅಗ್ನಿಶಾಮಕಕ್ಕೆಲ್ಲ 2022ರಲ್ಲಿ ನಗರದ ಜೊತೆ ಒಪ್ಪಂದ ಆಗಿದೆ, ದುಡ್ಡು ಕೊಟ್ಟೇ ಪಡೆಯುತ್ತಾರೆ. ಪುಕ್ಕಟೆ ಏನೂ ಇಲ್ಲ.

ಸೇತುವೆ ಮೇಲಿಂದ ಆ ಜಾಗದ ಆಕಾರ ಒಮ್ಮೆ ನೋಡಿ. ಉದ್ದಕ್ಕೆ, ಸೊಟ್ಟಗೆ, ಸೇತುವೆಯ ಕೆಳಗೇ ನುಸುಳಿಕೊಂಡು ಹೋಗುತ್ತದೆ. ಯಾರೂ ಬೇಕಂತ ಅಂಥ ಸೈಟು ಆರಿಸಲ್ಲ. ಅಲ್ಲಿ ಮೊದಲು ಸುಮಾರು 80 ಎಕರೆಯ ರಿಸರ್ವ್ ಇತ್ತು, ಊರಿತ್ತು. 1913ರಲ್ಲಿ ಪ್ರಾಂತ್ಯದ ಸರ್ಕಾರ ಆ ಕುಟುಂಬಗಳನ್ನು ದೋಣಿಗೆ ಹತ್ತಿಸಿ ಕಳಿಸಿತು, ಮನೆಗಳಿಗೆ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿ 2003ರಲ್ಲಿ ವಾಪಸ್ ಸಿಕ್ಕಿದ್ದು ಹತ್ತು ಎಕರೆ ಚಿಲ್ಲರೆ, ಅದೂ ರೈಲು ಕಂಪನಿ ಕೈಲಿದ್ದ ಪಟ್ಟಿ. "ಅಷ್ಟೆತ್ತರ ಯಾಕೆ" ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ದೋಣಿ.

ಪ್ರಶ್ನೆ: ಮೇಡಂ, ಇದು ಗೊತ್ತೇ ಇರಲಿಲ್ಲ. ಆದರೆ ರಿಸರ್ವ್ ಜಾಗವನ್ನು ಅಡ ಇಡೋಕೆ ಆಗಲ್ಲ ಅಂತಾರಲ್ಲ, ಬ್ಯಾಂಕು ಸಾಲ ಹೇಗೆ ಕೊಟ್ಟಿತು?

ಉತ್ತರ: ಸರಿಯಾದ ಪ್ರಶ್ನೆ. ಮೂಲನಿವಾಸಿಗಳ ಬಗ್ಗೆ ಕೆನಡಾ ಮಾಡಿದ ಕಾನೂನು 'ಇಂಡಿಯನ್ ಆ್ಯಕ್ಟ್'ನ 89ನೇ ಸೆಕ್ಷನ್ ಪ್ರಕಾರ ರಿಸರ್ವ್ ಮೇಲಿನ ಆಸ್ತಿಯನ್ನು ಹೊರಗಿನವರು ಅಡ ಇಟ್ಟುಕೊಳ್ಳುವಂತಿಲ್ಲ, ಜಪ್ತಿ ಮಾಡುವಂತಿಲ್ಲ. ಜಾಗ ಉಳಿದಿರುವುದು ಇದರಿಂದ, ಮನೆ ಕಟ್ಟೋಕೆ ಸಾಲ ಹುಟ್ಟದೆ ಇದ್ದದ್ದೂ ಇದರಿಂದಲೇ. ದಾರಿ ಏನೆಂದರೆ, ಸದಸ್ಯರು ಮತ ಹಾಕಿ ಜಾಗವನ್ನು ಗುತ್ತಿಗೆಗೆ ಅಂತ ಗುರುತಿಸಬೇಕು. ಆಮೇಲೆ ಗುತ್ತಿಗೆಯ ಹಕ್ಕನ್ನು ಮಾತ್ರ ಅಡ ಇಡಬಹುದು. ಸಾಲ ಮುಳುಗಿದರೆ ಬ್ಯಾಂಕಿಗೆ ಸಿಗುವುದು ಉಳಿದ ಅವಧಿಯ ಗುತ್ತಿಗೆ, ಮಣ್ಣಲ್ಲ. ಸ್ಕ್ವಾಮಿಶ್ ಸದಸ್ಯರು 2019ರ ಡಿಸೆಂಬರ್‌ನಲ್ಲಿ ಮತ ಹಾಕಿದರು, 87% ಜನ ಒಪ್ಪಿದರು. 2022ರಲ್ಲಿ ಕೇಂದ್ರದ ವಸತಿ ಸಂಸ್ಥೆ ಸಿಎಂಎಚ್‌ಸಿ ಮೊದಲ ಎರಡು ಹಂತಗಳಿಗೆ 140 ಕೋಟಿ ಡಾಲರ್ ಸಾಲ ಕೊಟ್ಟಿತು.

ನಾನು ಕೂತ ಸಮುದಾಯದ ಸಭೆಗಳಲ್ಲಿ ಹಿರಿಯರು ಬಡ್ಡಿ ಬಗ್ಗೆ ಕೇಳುವುದು ಆಮೇಲೆ. ಒಬ್ಬ ಅಜ್ಜಿ ಪತ್ರದ ಮೇಲೆ ಬೆರಳಿಟ್ಟು, ಗುತ್ತಿಗೆ ಮುಗಿಯುವ ವರ್ಷ ಯಾವುದು ಅಂತ ಕೇಳಿದರು. ಹೇಳಿದೆ. ಆಗ ಮೊಮ್ಮಗಳಿಗೆ ಎಷ್ಟು ವಯಸ್ಸಾಗಿರುತ್ತದೆ ಅಂತ ಅಲ್ಲೇ ಲೆಕ್ಕ ಹಾಕಿದರು.

ಪ್ರಶ್ನೆ: ಬಾಡಿಗೆ ವಿಷಯ ಹೇಳಲೇ ಇಲ್ಲ ಮೇಡಂ!

ಉತ್ತರ: ಹೌದು, ಬಿಟ್ಟೇ ಹೋಯ್ತು. ಸುಮಾರು 1,200 ಮನೆ, ಅಂದರೆ ಐದರಲ್ಲಿ ಒಂದು, ಕೈಗೆಟುಕುವ ಬಾಡಿಗೆಯದು. ಉಳಿದವಕ್ಕೆ ಮಾರುಕಟ್ಟೆ ಬಾಡಿಗೆ. ಆ ಆದಾಯದ ಪಾಲು ಸ್ಕ್ವಾಮಿಶ್ ಸಮುದಾಯಕ್ಕೆ ಬರಬೇಕು, ತಮ್ಮ ಜನರಿಗೆ ಮನೆ, ಶಾಲೆ ಎಲ್ಲ ಅದರಿಂದಲೇ ಆಗಬೇಕು. ಅದರಲ್ಲಿ ತಪ್ಪೇನೂ ಕಾಣಲ್ಲ.

ಆದರೆ 'ಕೈಗೆಟುಕುವ' ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಸಿಎಂಎಚ್‌ಸಿಯ ಆ ಸಾಲದ ಯೋಜನೆಯ ಕನಿಷ್ಠ ನಿಯಮದಲ್ಲಿ ಊರಿನ ಕುಟುಂಬಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವಿನ ಕುಟುಂಬದ ಆದಾಯದ 30% ಒಳಗೆ ಬಾಡಿಗೆ ಇದ್ದರೆ ಸಾಕು. ಆ ಸಾಲಿನಲ್ಲಿ ಸ್ವಂತ ಮನೆಯವರೂ ಇದ್ದಾರೆ, ಇಬ್ಬರು ದುಡಿಯುವವರೂ ಇದ್ದಾರೆ. ಒಬ್ಬರೇ ದುಡಿದು ಬಾಡಿಗೆ ಕಟ್ಟುವವರಿಗೆ ಅದು ಭಾರವೇ. ಇದು ಸಮುದಾಯ ಮಾಡಿದ ನಿಯಮ ಅಲ್ಲ, ಒಟ್ಟಾವದ್ದು, ಅಂದರೆ ಕೇಂದ್ರ ಸರ್ಕಾರದ್ದು.

ಪ್ರಶ್ನೆ (ಇನ್ನೊಬ್ಬರು): ಹಾಗಾದರೆ ಎಲ್ಲ ಮೂಲನಿವಾಸಿ ಸಮುದಾಯಗಳೂ ಹೀಗೇ ಮಾಡಬಹುದಲ್ವಾ?

ಉತ್ತರ: ಆಗಲ್ಲ ಸಾರ್. ಊರ ನಡುವೆ ಜಾಗ ಇರುವವರು ಕಡಿಮೆ. ಉತ್ತರದ ದೂರದ ರಿಸರ್ವ್‌ನಲ್ಲಿ ಮಾರುಕಟ್ಟೆ ಬಾಡಿಗೆ ಕೊಡುವವರೇ ಇಲ್ಲ, ಸಾಮಾನು ಸಾಗಿಸುವ ಖರ್ಚೇ ಜಾಸ್ತಿ, ಒಂದೇ ಮನೆಯಲ್ಲಿ ಮೂರು ತಲೆಮಾರು ಇಕ್ಕಟ್ಟಿನಲ್ಲಿರುತ್ತವೆ. ಅಲ್ಲಿಗೆ ಸರ್ಕಾರದ ನೇರ ಹಣವೇ ಬೇಕು. ಸೆನಾಕ್ವ್ ತೋರಿಸಿ ಆ ಹಣ ಕಡಿಮೆ ಮಾಡಿದರೆ ಅದು ದೊಡ್ಡ ಅನ್ಯಾಯ.

ಮೊದಲು ಕೇಳಿದವರಿಗೆ: ಅರ್ಜಿ ಹಾಕುವಾಗ, ಈ ಮನೆ ಆ ಐದರಲ್ಲಿ ಒಂದಾ, ಬಾಡಿಗೆಯ ಮಿತಿ ಎಷ್ಟು ವರ್ಷ ಇರುತ್ತದೆ ಅಂತ ಬರಹದಲ್ಲಿ ಕೇಳಿ ತಗೊಳ್ಳಿ.