ಶುಗರ್ ಇದ್ದ ಅಪ್ಪನಿಗೆ ಲಕ್ವಾ ಹೊಡೆದಿದೆ, ಮನೆಗೆ ಕರೆತಂದಿದ್ದೇವೆ. ನಿಮ್ಮ ಅನುಭವ ಹೇಳಿ

ನಮಸ್ಕಾರ. ನಾವು ಲಕ್ಷ್ಮೇಶ್ವರದವರು. ಅಪ್ಪನಿಗೆ 64 ವರ್ಷ. ಶುಗರ್ ಬಂದು 14 ವರ್ಷ ಆಯ್ತು, ಬಿಪಿಯೂ ಇದೆ. ಎರಡು ವಾರದ ಹಿಂದೆ ಮುಂಜಾನೆ ಏಳುವಾಗ ಬಲಗೈ, ಬಲಗಾಲು ಬಿದ್ದಿದ್ದವು, ಮಾತು ನಿಂತಿತ್ತು. ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ 11 ದಿನ ಇಟ್ಟುಕೊಂಡು ಮೊನ್ನೆ ಮನೆಗೆ ಕಳಿಸಿದರು. ಗುಳಿಗೆ ಚೀಟಿ ಕೊಟ್ಟರು. ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಅಂತ ಐದು ನಿಮಿಷ ಕೂತು ಹೇಳಲಿಲ್ಲ.

ನೋಡೋಕೆ ಬಂದವರದ್ದೆಲ್ಲ ಒಂದೇ ಮಾತು: "ಶುಗರ್ ಇದ್ದವರಿಗೆ ಲಕ್ವಾ ಹೊಡದ್ರ ಎರಡು ವರ್ಷ ದಾಟೂದಿಲ್ಲ." ಅದನ್ನು ಕೇಳಿ ಅವ್ವ ಊಟ ಬಿಟ್ಟಿದ್ದಾಳೆ. ಇದು ನಿಜಾನಾ? ನಿಮ್ಮ ಮನೆಯಲ್ಲಿ ಹೀಗೆ ಆದವರು ಇದ್ದರೆ ಏನು ಮಾಡಿದಿರಿ, ಎಲ್ಲಿ ತಪ್ಪಿದಿರಿ, ದಯವಿಟ್ಟು ಹೇಳಿ.

ಗದಗಿನಿಂದ, ಅತ್ತೆಯನ್ನು ನೋಡಿಕೊಳ್ಳುತ್ತಿರುವ ಸೊಸೆ:

ತಮ್ಮಾ, ಮೊದಲು ನಿಮ್ಮ ಅವ್ವನಿಗೆ ಊಟ ಮಾಡಿಸು. ನಮ್ಮ ಅತ್ತೆಗೂ ಮಂದಿ ಇದೇ ಹೇಳಿದ್ದರು. 17 ವರ್ಷದ ಶುಗರ್, ಬಲಗೈ ಬಿದ್ದಿತ್ತು, ಮಾತು ಹೋಗಿತ್ತು, ಥೇಟ್ ನಿಮ್ಮ ಅಪ್ಪನ ಹಾಗೆ. ಅದಾಗಿ ಆರು ವರ್ಷ. ಈಗ ಪಡಸಾಲೆಯಲ್ಲಿ ಕೂತು ಎಡಗೈಯಲ್ಲೇ ಮೆಂತ್ಯೆ ಪಲ್ಯೆ ಸೋಸುತ್ತಾರೆ. ನನಗೆ ಬೈಯುತ್ತಾರೆ. ಮಾತು ವಾಪಸ್ ಬರುವಾಗ ಮೊದಲು ಬಂದದ್ದು ಬೈಗುಳವೇ, ನಮ್ಮ ಹೆಸರುಗಳು ಆಮೇಲೆ ಬಂದವು. ಎಷ್ಟೋ ಜನರಿಗೆ ಹೀಗೇ ಆಗುತ್ತದಂತೆ, ನಿಮ್ಮ ಅಪ್ಪ ಬೈದರೆ ಖುಷಿಪಡು.

ಮಂದಿ ಹೇಳೋದು ಪೂರ್ತಿ ಸುಳ್ಳೂ ಅಲ್ಲ. ಶುಗರ್ ಇದ್ದವರಿಗೆ ಲಕ್ವಾ ಹೊಡೆಯೋ ಸಾಧ್ಯತೆಯೇ ಸುಮಾರು ಎರಡು ಪಟ್ಟು. ಹೊಡೆದ ಮೇಲೆ ಮತ್ತೊಮ್ಮೆ ಹೊಡೆಯೋದೂ ಅವರಿಗೇ ಜಾಸ್ತಿ. ಆದರೆ ‘ಎರಡು ವರ್ಷ’ ಅನ್ನೋದು ಯಾರ ಲೆಕ್ಕವೋ ಗೊತ್ತಿಲ್ಲ. ನಮ್ಮ ಡಾಕ್ಟರ್ ಹೇಳಿದ್ದು ಇಷ್ಟು: ಮೊದಲ ತಿಂಗಳು ಗಂಡಾಂತರದ್ದು, ಮೊದಲ ವರ್ಷ ಎಚ್ಚರದ್ದು, ಆಮೇಲಿನದ್ದು ಬಿಪಿ, ಶುಗರ್ ಹೇಗೆ ಇಟ್ಟುಕೊಳ್ಳುತ್ತೀರಿ ಅನ್ನೋದರ ಮೇಲೆ.

ಈಗ ನನಗೆ ಯಾರೂ ಹೇಳದೇ ಇದ್ದದ್ದನ್ನು ಹೇಳುತ್ತೇನೆ. ನಾವೆಲ್ಲ ಶುಗರ್ ಏರೋದಕ್ಕೆ ಹೆದರುತ್ತೇವೆ, ಅಲ್ವಾ? ನಮ್ಮ ಅತ್ತೆ ಇನ್ನೇನು ಕೈತಪ್ಪಿ ಹೋಗುತ್ತಿದ್ದದ್ದು ಶುಗರ್ ಇಳಿದು.

ಮನೆಗೆ ಬಂದ ಎಂಟನೇ ದಿನ. ರಾತ್ರಿ ಗುಳಿಗೆ ನುಂಗಿಸಿ, ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟೆ. ಎರಡು ತುತ್ತು ತಿಂದು ಬಾಯಿ ಮುಚ್ಚಿಬಿಟ್ಟರು. ಸುಸ್ತಾಗಿರಬೇಕು ಅಂತ ಸುಮ್ನೆ ಬಿಟ್ಟೆ. ನಸುಕಿನಲ್ಲಿ ನಾಲ್ಕಕ್ಕೆ ಎದ್ದು ನೋಡಿದರೆ ಕೌದಿ ಪೂರ್ತಿ ಒದ್ದೆ. ಮೂತ್ರ ಅಂದುಕೊಂಡೆ. ಅಲ್ಲ, ಬೆವರು. ಹಣೆ ಮುಟ್ಟಿದರೆ ತಣ್ಣಗೆ. ಕರೆದರೆ ಕಣ್ಣು ಬಿಡಲಿಲ್ಲ. ಮತ್ತೊಂದು ಲಕ್ವಾ ಹೊಡೀತು ಅಂತ ನಮ್ಮ ಮನೆಯವರು ಅಳೋಕೆ ಶುರು ಮಾಡಿದರು. ಎದುರು ಮನೆಯ ಅಕ್ಕ ಸಕ್ಕರೆ ನೀರು ಕಲಸಿ ತಂದು ಬಾಯಿಗೆ ಹಾಕೋದರಲ್ಲಿದ್ದರು. ಅಷ್ಟರಲ್ಲಿ ಮಗಳು ಬೆರಳಿಗೆ ಚುಚ್ಚಿ ಮಷಿನ್ ಹಚ್ಚಿದಳು. 46!

ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ ಅಂತ ವಾರ್ಡಿನ ಸಿಸ್ಟರ್ ಒಬ್ಬರು ಹೇಳಿದ್ದು ಪುಣ್ಯಕ್ಕೆ ನೆನಪಿತ್ತು. ಅಕ್ಕನ ಕೈ ಹಿಡಿದೆ. ಪಕ್ಕದ ಮನೆಯವರ ಗಾಡಿಯಲ್ಲಿ ಹತ್ತಿರದ ದವಾಖಾನೆಗೆ ಒಯ್ದೆವು. ನರಕ್ಕೆ ಗ್ಲೂಕೋಸ್ ಕೊಟ್ಟರು. ಹತ್ತು ನಿಮಿಷದಲ್ಲಿ ಅತ್ತೆ ಕಣ್ಣು ಬಿಟ್ಟು ನನ್ನ ಸೆರಗು ಹಿಡಿದರು.

ಮಾತು ಬರುವವರಾದರೆ "ಕೈ ನಡಗಾಕತ್ತಾವು, ಏನರ ತಿನ್ನಾಕ ಕೊಡ" ಅನ್ನುತ್ತಾರೆ. ಮಾತು ಹೋದವರು ಹೇಗೆ ಹೇಳಬೇಕು? ಅದನ್ನು ನಾವೇ ನೋಡಿ ಹಿಡಿಯಬೇಕು. ಬೆವರು, ತಣ್ಣನೆ ಮೈ, ನಡುಕ, ಸುಮ್ನೆ ಸಿಡುಕೋದು, ಹೊತ್ತಲ್ಲದ ಹೊತ್ತಿನಲ್ಲಿ ಮಂಪರು. ಯಾವುದು ಕಂಡರೂ ನಾನು ಮೊದಲು ಮಷಿನ್ ಹಚ್ಚುತ್ತೇನೆ. 70ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತಲೇ ಲೆಕ್ಕ. ಎಚ್ಚರ ಇದ್ದು, ಸರಿಯಾಗಿ ನುಂಗುತ್ತಿದ್ದರೆ ಮೂರು ಚಮಚ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಚೆಕ್. ಎಚ್ಚರ ಇಲ್ಲದಿದ್ದರೆ ನೇರ 108.

ನಿಮ್ಮ ಚೀಟಿಯಲ್ಲಿ ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ಇದೆಯಾ ನೋಡು. ಹೀಗೆ ಇಳಿಸೋದು ಹೆಚ್ಚಾಗಿ ಇವೇ. ಬರೀ ಮೆಟ್‌ಫಾರ್ಮಿನ್ ಇದ್ದರೆ ಅಷ್ಟು ಭಯ ಇಲ್ಲ. ಲಕ್ವಾಕ್ಕೆ ಮೊದಲು ಮೂರು ರೊಟ್ಟಿ ತಿನ್ನುತ್ತಿದ್ದಾಗ ಬರೆದ ಡೋಸ್, ಈಗ ಅರ್ಧ ರೊಟ್ಟಿಗೆ ಹೊಂದುತ್ತದಾ? ನಮ್ಮ ಡಾಕ್ಟರ್ ಆ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು, ಊಟ ಹೊಟ್ಟೆಗೆ ಹೋಗುವ ಹಾಗಿದ್ದರೆ ಮಾತ್ರ ಕೊಡಿ ಅಂದರು. ನೀನಾಗಿ ಬಿಡಿಸಬೇಡ, ಕೇಳಿ ಮಾಡು.

ಹಾವೇರಿ ಜಿಲ್ಲೆಯಿಂದ:

ನಮ್ಮ ತಂದೆ ಉಳಿಯಲಿಲ್ಲ. ನಿಮ್ಮನ್ನು ಹೆದರಿಸೋಕೆ ಹೇಳುತ್ತಿಲ್ಲ. ಅವರು ಹೋದದ್ದು ಲಕ್ವಾದಿಂದ ಅಲ್ಲ, 23ನೇ ದಿನ ನಿಮೋನಿಯಾದಿಂದ. ನುಂಗೋ ಶಕ್ತಿ ಪೂರ್ತಿ ಬಂದಿರಲಿಲ್ಲ. ಮಲಗಿದ್ದವರಿಗೆ ತಲೆ ಸ್ವಲ್ಪ ಎತ್ತಿ ಚಹಾ ಕುಡಿಸುತ್ತಿದ್ದೆವು. ಪ್ರತಿ ಸಲ ಕೆಮ್ಮುತ್ತಿದ್ದರು. ನೆತ್ತಿಗೆ ಹತ್ತಿತು ಅಂತ ಬೆನ್ನು ಸವರುತ್ತಿದ್ದೆವು. ಹಾಗೆ ಕೆಮ್ಮಿದರೆ, ಕುಡಿದ ಮೇಲೆ ದನಿ ಗೊರಗೊರ ಅಂದರೆ, ಅದು ತಪ್ಪು ದಾರಿಗೆ ಹೋಗುತ್ತಿದೆ ಅಂತ ಆಮೇಲೆ ಗೊತ್ತಾಯ್ತು.

ಪೂರ್ತಿ ನೆಟ್ಟಗೆ ಕೂಡಿಸಿ, ಸಣ್ಣ ಚಮಚದಲ್ಲಿ ಕೊಡಿ. ನೀರು, ಚಹಾದಂಥ ತೆಳ್ಳಗಿನದ್ದೇ ಹೆಚ್ಚು ಅಪಾಯ. ಊಟ ಆದ ಮೇಲೆ ಅರ್ಧ ತಾಸು ಮಲಗಿಸಬೇಡಿ. ನುಂಗೋದನ್ನು ಒಮ್ಮೆ ಪರೀಕ್ಷೆ ಮಾಡಿ ನೋಡಿ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ನಾವು ಕೇಳಲಿಲ್ಲ.

ಧಾರವಾಡದಿಂದ, ನಿವೃತ್ತ ಸ್ಟಾಫ್ ನರ್ಸ್:

ಮೇಲಿನ ಇಬ್ಬರೂ ಹೇಳಿದ್ದಕ್ಕಿಂತ ಮುಖ್ಯವಾದದ್ದು ನನ್ನ ಹತ್ತಿರ ಇಲ್ಲ. ಎರಡು ಮಾತು ಸೇರಿಸುತ್ತೇನೆ.

ಲಕ್ವಾ ಹೊಡೆದ ಹೊತ್ತಿನಲ್ಲಿ ಶುಗರ್ ತುಂಬ ಏರಿದ್ದರೆ ಮೆದುಳಿಗೆ ಪೆಟ್ಟು ಜಾಸ್ತಿ, ಇದು ನಿಜ. ಹಾಗಂತ ಎಳೆದು ಎಳೆದು 100ಕ್ಕೆ ಇಳಿಸಿದರೆ ಒಳ್ಳೇದಾಗುತ್ತದಾ? ಅಮೆರಿಕದಲ್ಲಿ ಸಾವಿರಕ್ಕೂ ಜಾಸ್ತಿ ರೋಗಿಗಳ ಮೇಲೆ ಇದನ್ನೇ ನೋಡಿದರು, 2019ರಲ್ಲಿ ಪ್ರಕಟ ಆಯ್ತು. ಬಿಗಿಯಾಗಿ 80ರಿಂದ 130ರೊಳಗೆ ಇಟ್ಟವರೂ 180ರೊಳಗೆ ಸಡಿಲವಾಗಿ ಇಟ್ಟವರೂ ಮೂರು ತಿಂಗಳ ನಂತರ ಒಂದೇ. ಶುಗರ್ ತೀರಾ ಕೆಳಗೆ ಕುಸಿದದ್ದು ಮಾತ್ರ ಬಿಗಿಯಾಗಿ ಇಟ್ಟವರಲ್ಲಿ. ಅದಕ್ಕೇ ವಾರ್ಡಿನಲ್ಲಿ 140ರಿಂದ 180 ಇದ್ದರೆ ನಾವು ಗಡಿಬಿಡಿ ಮಾಡುತ್ತಿರಲಿಲ್ಲ. ಮನೆಯವರು ಮಾತ್ರ "ಸಿಸ್ಟರ್, 170 ಐತಿ, ಸೂಜಿ ಹಾಕ್ರಿ" ಅಂತ ಬೆನ್ನು ಹತ್ತುತ್ತಿದ್ದರು.

ಎರಡನೆಯದು ಬಿಪಿ. ಮತ್ತೆ ಲಕ್ವಾ ಹೊಡೆಯದ ಹಾಗೆ ತಡೆಯೋದರಲ್ಲಿ ಬಿಪಿಯ ಪಾತ್ರ ಶುಗರ್‌ಗಿಂತ ಕಡಿಮೆ ಅಲ್ಲ, ಜಾಸ್ತಿಯೇ ಅಂತ ನನ್ನ ಅಭಿಪ್ರಾಯ. ಸಾಮಾನ್ಯವಾಗಿ 130/80ರ ಕೆಳಗೆ ಇರಲಿ ಅನ್ನುತ್ತಾರೆ. ರಕ್ತ ತೆಳುವಾಗೋ ಗುಳಿಗೆ, ಕೊಲೆಸ್ಟ್ರಾಲ್ ಗುಳಿಗೆ ಎರಡನ್ನೂ ‘ಆರಾಮ ಆತು’ ಅಂತ ಬಿಟ್ಟು, ಮತ್ತೆ ಸ್ಟ್ರೆಚರ್ ಮೇಲೆ ಬಂದವರನ್ನು ಎಷ್ಟು ಕಂಡಿದ್ದೇನೋ. ದುಡ್ಡಿನ ತೊಂದರೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಸರ್ಕಾರಿ ದವಾಖಾನೆಯಲ್ಲಿ ಬಿಪಿ, ಶುಗರ್ ಗುಳಿಗೆ ಪುಕ್ಕಟೆ ಕೊಡುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಕಾರ್ಡ್ ಈಗಲೇ ಮಾಡಿಸಿಡಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಬರುತ್ತದೆ.

ಇನ್ನೊಂದು. ಬಾಯಿ ಸೊಟ್ಟ ಆದರೆ, ಎತ್ತಿದ ಕೈ ಇಳಿದರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಳ್ಳಿ. ನಾಳ ಕಟ್ಟಿಕೊಂಡಿದ್ದರೆ ಅದನ್ನು ಕರಗಿಸೋ ಸೂಜಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಗಾದರೂ ಗದಗಿಗಾದರೂ ದಾರಿಯಲ್ಲೇ ಒಂದು ತಾಸು ಹೋಗುತ್ತದೆ. ರಾತ್ರಿ ಹೊತ್ತು ಸ್ಕ್ಯಾನ್, ಸೂಜಿ ಎರಡೂ ಎಲ್ಲಿ ಸಿಗುತ್ತವೆ ಅಂತ ಇವತ್ತೇ ವಿಚಾರಿಸಿ, ನಂಬರ್ ಗೋಡೆಗೆ ಹಚ್ಚಿಡಿ.

ನವಲಗುಂದದಿಂದ:

ಎಣ್ಣೆ ತಿಕ್ಕುವವರು, ನಾಟಿ ಔಷಧದವರು ಈಗ ಮನೆಗೆ ಬರೋಕೆ ಶುರು ಮಾಡುತ್ತಾರೆ, ನೋಡ್ತಾ ಇರಿ. ನಮಗೆ ಪಾರಿವಾಳದ ರಕ್ತ ಹಚ್ಚಿ ಅಂದರು. ಅದನ್ನೂ ಹಚ್ಚಿದೆವು, ಸುಳ್ಳು ಯಾಕೆ ಹೇಳಲಿ. ಅದರಿಂದ ಏನೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಕೆಟ್ಟದ್ದಾಗಿದ್ದು ಬಿಸಿ ಮರಳಿನ ಗಂಟಿನಿಂದ. ದೊಡ್ಡಪ್ಪನಿಗೆ ಶುಗರ್‌ನಿಂದ ಪಾದ ಮೊದಲೇ ಜುಮ್ಮುಗಟ್ಟಿತ್ತು, ಮೇಲೆ ಲಕ್ವಾ. ಸುಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮರುದಿನ ಕಾಲ್ಚೀಲ ತೆಗೆದಾಗ ಚರ್ಮ ಅದರ ಜೊತೆಗೇ ಬಂತು. ಆ ಗಾಯ ಐದು ತಿಂಗಳು ತಿಂದಿತು, ಕಿರುಬೆರಳು ತೆಗೆಸಬೇಕಾಯ್ತು. ಮಸಾಜ್ ಬೇಕಾದರೆ ಮಾಡಿ, ಬಿಸಿ ಮಾತ್ರ ಬೇಡ. ದಿನಾ ಸಂಜೆ ಪಾದ, ಹಿಮ್ಮಡಿ, ಬೆನ್ನ ಕೆಳಗೆ ಬ್ಯಾಟರಿ ಹಾಕಿ ನೋಡಿ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ, ರಾತ್ರಿಯೂ.

ಹುಬ್ಬಳ್ಳಿಯಿಂದ:

ನಾನೇ ಲಕ್ವಾ ಹೊಡೆದವನು. ಶುಗರ್ 20 ವರ್ಷ, ಲಕ್ವಾ ಆಗಿ ಒಂಬತ್ತು. ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಸಂಭಾಳಿಸಿಕೊಳ್ಳಿ.

ಒಂದೇ ವಿನಂತಿ. ಅಪ್ಪನ ಮುಂದೆ ಕೂತು ಆ ಎರಡು ವರ್ಷದ ಮಾತು ಆಡೋದನ್ನು ನಿಲ್ಲಿಸಿ. ಮಾತು ಹೋದರೂ ಎಷ್ಟೋ ಸಲ ಕೇಳಿದ್ದು ತಿಳಿಯುತ್ತದೆ. ನನಗೆ ಎಲ್ಲಾ ತಿಳಿಯುತ್ತಿತ್ತು. ನಾನು ಮೂರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದು ಕಾಲು ಬಾರದೆ ಅಲ್ಲ. ಕೊನೆಗೆ ಮನಸ್ಸಿಗೂ ಗುಳಿಗೆ ಬೇಕಾಯ್ತು, ತಗೊಂಡೆ, ನಾಚಿಕೆ ಏನಿಲ್ಲ. ಅದಾದ ಮೇಲೆಯೇ ಫಿಜಿಯೋಥೆರಪಿಗೆ ಎದ್ದದ್ದು. ಮೊದಲ ಮೂರರಿಂದ ಆರು ತಿಂಗಳಲ್ಲೇ ಚೇತರಿಕೆ ಹೆಚ್ಚು ಅನ್ನುತ್ತಾರೆ, ನಾನು ಅದರಲ್ಲಿ ಅರ್ಧ ಕಳೆದುಕೊಂಡೆ. ಈಗ ಉಣಕಲ್ ಕೆರೆ ದಂಡೆ ಮೇಲೆ ಕೋಲು ಹಿಡಿದು ಒಂದಿಷ್ಟು ಅಡ್ಡಾಡುತ್ತೇನೆ. ವಾಪಸ್ ಬರುವಾಗ ಗಿರ್ಮಿಟ್ ಗಾಡಿ ಕಡೆ ನೋಡೋದಿಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ.

ಲಕ್ಷ್ಮೇಶ್ವರದಿಂದ, ಪ್ರಶ್ನೆ ಕೇಳಿದವನು:

ಎಲ್ಲರದ್ದೂ ಅವ್ವನಿಗೆ ಓದಿ ಹೇಳಿದೆ. ಉಣಕಲ್ ಕೆರೆಯ ಕಾಕಾ ಅವರದ್ದನ್ನು ಎರಡು ಸಲ ಓದಿಸಿದಳು. ಅಪ್ಪನೂ ಕೇಳುತ್ತಾ ಮಲಗಿದ್ದ.

ಗದಗಿನ ಅಕ್ಕಾ, ಚೀಟಿ ನೋಡಿದೆ. ಗ್ಲಿಮಿಪಿರೈಡ್ ಇದೆ, ದಿನಕ್ಕೆ ಎರಡು ಸಲ. ನಿನ್ನೆ ರಾತ್ರಿ ಅಪ್ಪ ನಾಲ್ಕು ಚಮಚ ಗಂಜಿಗೇ ಸಾಕು ಅಂದಿದ್ದ. ಈಗ ಚೆಕ್ ಮಾಡಿದರೆ 82 ತೋರಿಸಿತು. ರಾತ್ರಿ ಗುಳಿಗೆಯ ಹೊತ್ತಾಗುವ ಮೊದಲೇ ಡಾಕ್ಟರ್‌ಗೆ ಫೋನ್ ಹಚ್ಚುತ್ತಿದ್ದೇನೆ.