ಕೆಡಂಪ್ ‘ರೆಡಿ’ ಎನ್ನುತ್ತದೆ, ಆದರೆ ಡಂಪ್ ಮಾತ್ರ ಸಿಗುವುದಿಲ್ಲ

ಮಧುವಾಹಿನಿ:
ಬದಿಯಡ್ಕ ಕಡೆಯ ಗ್ರಂಥಾಲಯವೊಂದರ ಸರ್ವರ್. ಉಬುಂಟು 22.04, 8 ಜಿಬಿ ರ್‍ಯಾಮ್. ಲಿನಕ್ಸ್-ಕ್ರ್ಯಾಶ್‌ಡಂಪ್ ಪ್ಯಾಕೇಜ್ ಹಾಕಿ ಆಗಿದೆ; ಕರ್ನೆಲ್ (ಲಿನಕ್ಸ್‌ನ ತಿರುಳು) ಬಿದ್ದಾಗ ಮೆಮೊರಿಯ ನಕಲನ್ನು (ಡಂಪ್) ಉಳಿಸುವ ಕೆಡಂಪ್ ‘ರೆಡಿ’ ಎನ್ನುತ್ತದೆ. ಪ್ಯಾನಿಕ್ ಆದಾಗ (ಕರ್ನೆಲ್ ಕುಸಿದಾಗ) ಪರದೆಯಲ್ಲಿ ‘ಔಟ್ ಆಫ್ ಮೆಮೊರಿ’ ಸಾಲುಗಳು ಓಡಿ ರೀಬೂಟ್ ಆಗುತ್ತದೆ. /ವಾರ್/ಕ್ರ್ಯಾಶ್‌ನಲ್ಲಿ ತಾರೀಕಿನ ಫೋಲ್ಡರ್ ಉಂಟು, ಒಳಗೆ ಏನೂ ಇಲ್ಲ. 8 ಜಿಬಿ ಸಾಲದೆ?

ಪಯಸ್ವಿನಿ:
ಆ 8 ಜಿಬಿ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪ್ಯಾನಿಕ್ ಆದ ಮೇಲೆ ಕೆಎಕ್ಸೆಕ್ (ಓಡುತ್ತಿರುವ ಕರ್ನೆಲ್‌ನಿಂದ ನೇರವಾಗಿ ಇನ್ನೊಂದನ್ನು ಎಬ್ಬಿಸುವ ವಿಧಾನ) ಮೂಲಕ ಏಳುವ ಎರಡನೇ ಕರ್ನೆಲ್‌ಗೆ ಸಿಗುವುದು ಬೂಟ್ ಹೊತ್ತಿಗೇ ಕಾದಿರಿಸಿದ ತುಂಡು ಮಾತ್ರ. ಹಳೆಯ ಕರ್ನೆಲ್‌ನ ಮೆಮೊರಿಯನ್ನು ಅದು ಮುಟ್ಟಿದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ. ನಿಮ್ಮಲ್ಲಿ ಬಹುಶಃ ‘ಕ್ರ್ಯಾಶ್‌ಕರ್ನೆಲ್=512ಎಂ-:192ಎಂ’ ಎಂಬ ಬೂಟ್ ಸೆಟ್ಟಿಂಗ್ ಇದ್ದೀತು. ಅದರ ಅರ್ಥ, ರ್‍ಯಾಮ್ 512 ಎಂಬಿ ಅಥವಾ ಹೆಚ್ಚಿದ್ದರೆ 192 ಎಂಬಿ ಮೀಸಲು. ಇನಿಟ್‌ರ್‍ಯಾಮ್‌ಎಫ್‌ಎಸ್ (ಬೂಟ್‌ನ ಆರಂಭದ ಫೈಲುಗಳು), ಡ್ರೈವರ್‌ಗಳು, ಮೇಕ್‌ಡಂಪ್‌ಫೈಲ್ (ಡಂಪ್ ಬರೆಯುವ ಪ್ರೋಗ್ರಾಂ) ಎಲ್ಲ ಅದರೊಳಗೇ ಹಿಡಿಯಬೇಕು.

/ಇಟಿಸಿ/ಡಿಫಾಲ್ಟ್/ಗ್ರಬ್.ಡಿ/ಕೆಡಂಪ್-ಟೂಲ್ಸ್.ಸಿಎಫ್‌ಜಿ ಫೈಲಿನಲ್ಲಿ ಅದನ್ನು ‘ಕ್ರ್ಯಾಶ್‌ಕರ್ನೆಲ್=512ಎಂ’ ಮಾಡಿ, ಅಪ್‌ಡೇಟ್-ಗ್ರಬ್ ಕೊಟ್ಟು ರೀಬೂಟ್ ಮಾಡಿ. /ಸಿಸ್/ಕರ್ನೆಲ್/ಕೆಎಕ್ಸೆಕ್_ಕ್ರ್ಯಾಶ್_ಸೈಜ್ 536870912 ತೋರಿಸಬೇಕು. ‘ರೆಡಿ’ ಅಂದರೆ ಎರಡನೇ ಕರ್ನೆಲ್ ಲೋಡ್ ಆಗಿದೆ ಎಂದಷ್ಟೇ. ಅದು ಎದ್ದು ಡಂಪ್ ಬರೆಯುತ್ತದೆ ಎಂಬ ಭರವಸೆಯಲ್ಲ.

ಅಡಕೆತೋಟ:
ಆಮೇಲೆ ಪರೀಕ್ಷೆ ಮಾಡಲೇಬೇಕು. ಡೇಟಾಬೇಸ್ ನಿಲ್ಲಿಸಿ, ಸಿಂಕ್ ಕೊಟ್ಟು (ಬಾಕಿ ಡೇಟಾ ಡಿಸ್ಕಿಗೆ ಬರೆಸಿ), ಬೇಕೆಂದೇ ಪ್ಯಾನಿಕ್ ಮಾಡಿಸಲು ರೂಟ್ ಆಗಿ ‘ಎಕೋ ಸಿ > /ಪ್ರಾಕ್/ಸಿಸ್‌ರಿಕ್ಯೂ-ಟ್ರಿಗರ್’. ಮೆಷಿನ್ ತಕ್ಷಣ ಬೀಳುತ್ತದೆ, ಹಾಗಾಗಿ ಓದುಗರು ಇಲ್ಲದ ಹೊತ್ತು ನೋಡಿ. ನಮ್ಮ ಮಳೆಗಾಲದಲ್ಲಿ ಯುಪಿಎಸ್ ಗಟ್ಟಿ ಇರಲಿ: ಬರೆಯುವಾಗ ಕರೆಂಟ್ ಹೋದರೆ ‘ಡಂಪ್-ಇನ್‌ಕಂಪ್ಲೀಟ್’ ಮಾತ್ರ ಉಳಿಯುತ್ತದೆ.

ಮಧುವಾಹಿನಿ:
512 ಹಾಕಿದ ಮೇಲೆ ಪರೀಕ್ಷೆಯ ಡಂಪ್ ಬಂತು, ನಿನ್ನೆ ನಿಜವಾದ ಪ್ಯಾನಿಕ್‌ನದ್ದೂ ಸಿಕ್ಕಿತು. ಆದರೆ ಡಂಪ್ ಓದುವ ಕ್ರ್ಯಾಶ್ ಟೂಲ್ ‘ವಿಎಂಲಿನಕ್ಸ್ ಅಂಡ್ ವಿಎಂಕೋರ್ ಡು ನಾಟ್ ಮ್ಯಾಚ್’ (ಕರ್ನೆಲ್ ಫೈಲೂ ಡಂಪೂ ಹೊಂದುವುದಿಲ್ಲ) ಎನ್ನುತ್ತದೆ.

ಪಯಸ್ವಿನಿ:
ನಡುವೆ ಕರ್ನೆಲ್ ಅಪ್‌ಡೇಟ್ ಆಗಿರಬೇಕು. ಈಗ ಓಡುತ್ತಿರುವುದರದ್ದಲ್ಲ, ಬಿದ್ದಾಗ ಓಡುತ್ತಿದ್ದ ಆವೃತ್ತಿಯ ಡಿಬಿಜಿಸಿಮ್ (ಡಿಬಗ್ ಮಾಹಿತಿಯ) ಪ್ಯಾಕೇಜೇ ಬೇಕು; ಡಂಪ್ ಇರುವ ಫೋಲ್ಡರಿನ ಡಿಮೆಸೇಜ್ (ಕರ್ನೆಲ್ ಲಾಗ್) ಫೈಲಿನ ಆರಂಭದ ಸಾಲುಗಳಲ್ಲಿ ಸಾಮಾನ್ಯವಾಗಿ ಆವೃತ್ತಿ ಉಂಟು. ಕ್ರ್ಯಾಶ್‌ಗೆ ಕೊಡಬೇಕಾದ್ದು /ಯುಎಸ್‌ಆರ್/ಲಿಬ್/ಡಿಬಗ್/ಬೂಟ್‌ನ ವಿಎಂಲಿನಕ್ಸ್. /ಬೂಟ್‌ನಲ್ಲಿರುವ ವಿಎಂಲಿನಜ್‌ನಲ್ಲಿ ಡಿಬಗ್ ಮಾಹಿತಿ ಇರುವುದಿಲ್ಲ.

ತೆರೆದ ಮೇಲೆ ‘ಲಾಗ್’ನ ಕೊನೆ ನೋಡಿ, ಮತ್ತೆ ‘ಬಿಟಿ’ (ಬಿದ್ದಾಗ ನಡೆಯುತ್ತಿದ್ದ ಫಂಕ್ಷನ್ ಕರೆಗಳ ಸರಣಿ). ‘ಟೇಂಟೆಡ್’ ಸಾಲಲ್ಲಿ ‘ಓ’ ಇದ್ದರೆ ಹೊರಗಿನ ಮಾಡ್ಯೂಲ್ ಲೋಡ್ ಆಗಿತ್ತು, ‘ಎಂ’ ಇದ್ದರೆ ಪ್ರೊಸೆಸರೇ ಹಾರ್ಡ್‌ವೇರ್ ದೋಷ ವರದಿ ಮಾಡಿದೆ. ಒಂದೇ ಡಂಪ್ ನೋಡಿ ಡ್ರೈವರನ್ನು ದೂರಬೇಡಿ. ಮುಂದಿನ ಡಂಪ್‌ಗಳಲ್ಲೂ ಅದೇ ಫಂಕ್ಷನ್ ಬಂದರೆ ಡ್ರೈವರ್ ಅನುಮಾನ ಗಟ್ಟಿ. ಪ್ರತಿಸಲ ಬೇರೆ ಬೇರೆ ಕಡೆ ಬಿದ್ದರೆ ರಾತ್ರಿಯಿಡೀ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ.