ಡ್ಯಾಶ್‌ಬೋರ್ಡ್ ಒಳಗೆ ಟಕ್-ಟಕ್, ಹಿಂದೆ ಕಿರ್ರ್: ಬಿಚ್ಚಿಸಬೇಕಾ, ಬೇಡವಾ?

ಸೇಡಂ ಅಪ್‌ಡೌನ್

ನಮಸ್ಕಾರ. ಮನೆ ಕಲಬುರಗಿ, ಕೆಲಸ ಸೇಡಂನಲ್ಲಿ. ವಾರಕ್ಕೆ ಐದು ದಿನ ಮಳಖೇಡ ದಾಟಿ ಹೋಗಿ ಬರುತ್ತೇನೆ. ಆ ದಾರಿಯ ಸಿಮೆಂಟ್ ಲಾರಿಗಳು, ಆ ಧೂಳು ನಿಮಗೆ ಗೊತ್ತೇ ಇದೆ. ಕಾರು 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 71,000 ಕಿ.ಮೀ. ಆಗಿದೆ. ಎಂಜಿನ್ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಎರಡು ಸದ್ದಿನ ಬಗ್ಗೆ. ಒಂದು, ಡ್ಯಾಶ್‌ಬೋರ್ಡಿನ ಎಡ ಮೂಲೆಯಿಂದ ಟಕ್-ಟಕ್-ಟಕ್. ಯಾರೋ ಉಗುರಿನಿಂದ ಪ್ಲಾಸ್ಟಿಕ್ ಡಬ್ಬಿ ಕುಟ್ಟಿದ ಹಾಗೆ. 40-60 ವೇಗದಲ್ಲಿ, ತರಿತರಿ ರಸ್ತೆಯಲ್ಲಿ ಬರುತ್ತದೆ. ನುಣ್ಣನೆಯ ಹೊಸ ಡಾಂಬರಿನ ಮೇಲೆ ಇಲ್ಲ. ಮೂರು ತಿಂಗಳಾಯ್ತು. ಇನ್ನೊಂದು, ಹಂಪ್ ಮೇಲೆ ಕಾರು ಓರೆಯಾಗಿ ಹತ್ತಿದರೆ ಹಿಂದಿನಿಂದ ಕಿರ್ರ್ ಅನ್ನುತ್ತದೆ. ಬೆಳಗ್ಗೆ ಏಳಕ್ಕೆ ಹೊರಟಾಗ ಜಾಸ್ತಿ. ಸಂಜೆ, ದಿನವಿಡೀ ಬಿಸಿಲಲ್ಲಿ ನಿಂತ ಕಾರು ತೆಗೆದರೆ ಚಕಾರ ಇಲ್ಲ.

ಸರ್ವಿಸ್ ಸೆಂಟರ್‌ನವರು ತಮ್ಮ ಅಂಗಳದಲ್ಲೇ ಒಂದು ಸುತ್ತು ಹೊಡೆದು, "ಮೇಡಂ, ನಮಗೇನೂ ಕೇಳಿಸಲಿಲ್ಲ" ಅಂದರು. ಎಸಿ ಫ್ಯಾನ್ ನಾಲ್ಕರಲ್ಲಿ ಇಟ್ಟುಕೊಂಡು! ನಮ್ಮ ಮನೆಯವರು "ಹಾಡು ಹಾಕ್ಕೋ, ಕೇಳಿಸಲ್ಲ" ಅಂತಾರೆ. ಹೊರಗಿನ ಮೆಕ್ಯಾನಿಕ್ ಒಬ್ಬರು ಪೂರ್ತಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಆರು ಸಾವಿರ ಆಗುತ್ತೆ ಅಂದಿದ್ದಾರೆ. ಒಮ್ಮೆ ಬಿಚ್ಚಿದರೆ ಮೊದಲಿನ ಹಾಗೆ ಕೂರಲ್ಲ ಅಂತಾರಲ್ಲ, ನಿಜಾನಾ?

ಹುಮನಾಬಾದ್ ಹುಡುಗ

ಅಕ್ಕಾ, ಮೊದಲು ಟೈರಿನ ಗಾಳಿ ನೋಡಿ. ಪಂಕ್ಚರ್ ಅಂಗಡಿಯಲ್ಲಿ ಕಣ್ಣು ಮುಚ್ಚಿ 40 ಹೊಡೆದು ಕಳಿಸುತ್ತಾರೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ, ಅಲ್ಲಿ ಬರೆದಷ್ಟೇ ಇರಲಿ. ನನ್ನದಕ್ಕೆ 32 ಬೇಕಿತ್ತು. ಸರಿ ಮಾಡಿದ ಮೇಲೆ ಅರ್ಧ ಗಲಾಟೆ ಕಡಿಮೆ ಆಯ್ತು. ಪಕ್ಕದ ಸೀಟು ಖಾಲಿ ಇದ್ದರೆ ಅದರ ಬೆಲ್ಟ್ ಹಾಕಿಟ್ಟು ಓಡಿಸಿ ನೋಡಿ. ಬೆಲ್ಟಿನ ತುದಿಯ ಕಬ್ಬಿಣದ ನಾಲಿಗೆ ಕಂಬಕ್ಕೆ ಬಡಿಯುತ್ತಾ ಇರುತ್ತೆ.

ಡಿಪೋ ಕಾಕಾ

ತಂಗಿ, ಡ್ಯಾಶ್‌ಬೋರ್ಡ್ ಬಿಚ್ಚಿಸಬೇಡ. ಅದು ಕೊನೆಯ ಕೆಲಸ. ನಾನು ಬಸ್ ಡಿಪೋದಲ್ಲಿ 31 ವರ್ಷ ಸ್ಪ್ಯಾನರ್ ಹಿಡಿದವನು. ಈಗ ರಿಟೈರ್ ಆಗಿ ಓಣಿಯವರ ಕಾರುಗಳ ಸದ್ದು ಹುಡುಕುತ್ತಾ ಕೂತಿದ್ದೇನೆ.

ಮೊದಲ ಮಾತು, ಕಾರಿನೊಳಗೆ ಕಿವಿ ನಂಬಬೇಡ. ಮುಂದಿನ ಗಾಜು ಓರೆಯಾಗಿದೆ ನೋಡು, ಎಲ್ಲೋ ಹುಟ್ಟಿದ ಸದ್ದು ಅದಕ್ಕೆ ಬಡಿದು ನಿನ್ನ ಕಡೆ ತಿರುಗುತ್ತದೆ. ನಮ್ಮ ಅಳಿಯನ ಕಾರಿನಲ್ಲಿ ಸ್ಟೇರಿಂಗ್ ಹಿಂದಿನಿಂದಲೇ ಬರುತ್ತಿದೆ ಅಂತ ಎರಡು ಭಾನುವಾರ ಬಿಚ್ಚಿ ಹಾಕಿದೆ. ಕೊನೆಗೆ ಸಿಕ್ಕಿದ್ದು ಹೊರಗೆ, ವೈಪರ್ ಬುಡದ ಪ್ಲಾಸ್ಟಿಕ್ ಜಾಲರಿಯಲ್ಲಿ. ಒಂದು ಕ್ಲಿಪ್ ಇರಲಿಲ್ಲ, ಅಷ್ಟೇ.

ಆಮೇಲೆ ಕಾರು ಖಾಲಿ ಮಾಡು. ಖಾಲಿ ಅಂದರೆ ಪೂರ್ತಿ ಖಾಲಿ. ಗ್ಲವ್ ಬಾಕ್ಸ್, ಬಾಗಿಲ ಜೇಬು, ಚಿಲ್ಲರೆ, ಡಿಕ್ಕಿಯಲ್ಲಿನ ಜಾಕ್, ಪಾನಾ, ಎಲ್ಲ ತೆಗೆದು ಒಂದು ಚಾದರದ ಮೇಲೆ ಹರಡು. ಸ್ಟೆಪ್ನಿ ನಟ್ ಬಿಗಿಯಾಗಿದೆಯಾ ನೋಡು. ಎಸಿ, ಹಾಡು ಎರಡೂ ಬಂದ್. ಬೇರೆಯವರು ಓಡಿಸಲಿ, ನೀನು ಎಡಗಡೆ ಕೂತು ಅಂಗೈಯಿಂದ ಒಂದೊಂದೇ ಜಾಗ ಒತ್ತು. ಪ್ರತಿ ಜಾಗಕ್ಕೂ ಹತ್ತು ಎಣಿಸು. ಸದ್ದು ನಿಂತ ಕಡೆ ಮಾಸ್ಕಿಂಗ್ ಟೇಪ್ ಅಂಟಿಸು. ಒತ್ತಿದಾಗ ನಿಂತಿತು ಅಂದರೆ ಓಣಿ ಸಿಕ್ಕಿತು, ಮನೆ ಇನ್ನೂ ಸಿಕ್ಕಿಲ್ಲ. ಒಂದು ಕಡೆ ಒತ್ತಿದರೆ ಗೇಣುದ್ದ ದೂರದ್ದೂ ಬಿಗಿಯಾಗುತ್ತದೆ.

ಇನ್ನೊಂದು ನೆನಪು ಮಾಡಿಕೋ. ಮೂರು ತಿಂಗಳು ಅಂತ ಬರೆದೆಯಲ್ಲ, ಅದಕ್ಕೂ ಮುಂಚೆ ಆ ಕಾರಿಗೆ ಯಾರು ಕೈ ಹಾಕಿದ್ದರು?

ಕಿರ್ರ್ ಬಗ್ಗೆ ನೀನೇ ಅರ್ಧ ಉತ್ತರ ಕೊಟ್ಟಿದ್ದೀಯ. ಬೆಳಗ್ಗೆ ಇದೆ, ಬಿಸಿಲಿಗೆ ಇಲ್ಲ. ರಾತ್ರಿ ತಂಪಿಗೆ ಪ್ಲಾಸ್ಟಿಕ್ ಕುಗ್ಗಿ ಸಂದು ಬಿಡುತ್ತದೆ, ರಬ್ಬರ್ ಗಟ್ಟಿಯಾಗುತ್ತದೆ. ನಮ್ಮ ಬಿಸಿಲಿಗೆ ಎಲ್ಲಾ ಹಿಗ್ಗಿ ಬಿಗಿಯಾಗುತ್ತದೆ. ಓರೆಯಾಗಿ ಹಂಪ್ ಹತ್ತಿದಾಗ ಇಡೀ ಬಾಡಿ ಚೂರು ತಿರುಚುತ್ತದೆ. ಆಗ ಕೂಗುವುದು ಹಿಂದಿನ ಸೀಟಿನ ಲಾಕ್ ಅಥವಾ ಬಾಗಿಲಿನ ರಬ್ಬರ್. ಸೀಟು ಮಡಚಿ ಒಂದು ರೌಂಡ್ ಹೋಗು. ಸದ್ದು ಹೋದರೆ ಲಾಕ್ ಸಿಕ್ಕುವ ಕಬ್ಬಿಣದ ಕೊಂಡಿಗೆ ಬಟ್ಟೆ ಟೇಪ್ ಒಂದೇ ಸುತ್ತು ಸುತ್ತು. ಎರಡು ಸುತ್ತಿದರೆ ಲಾಕ್ ಸರಿಯಾಗಿ ಬೀಳದೇ ಇರಬಹುದು, ಸೀಟು ಎಳೆದು ನೋಡದೆ ಯಾರನ್ನೂ ಕೂರಿಸಬೇಡ. ಸದ್ದು ಹೋಗದಿದ್ದರೆ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಸವರು. ಎಂಜಿನ್ ಆಯಿಲ್, ಗ್ರೀಸ್ ಬೇಡ. ರಬ್ಬರ್ ಉಬ್ಬಿ ಹಾಳಾಗುತ್ತದೆ, ಧೂಳೂ ಅಂಟುತ್ತದೆ.

ಟೇಪ್ ಅಂದರೆ ಕರೆಂಟ್ ಟೇಪ್ ಅಲ್ಲ. ನಮ್ಮ ಮೇ ತಿಂಗಳಿಗೆ ಅದರ ಗೋಂದು ಕರಗಿ ಜಾರುತ್ತದೆ. ಕಾರ್ ವೈರಿಂಗ್ ಮಾಡುವವರ ಹತ್ತಿರ ಮುಟ್ಟಿದರೆ ಮಖಮಲ್ಲಿನ ಹಾಗಿರುವ ಕಪ್ಪು ಟೇಪ್ ಇರುತ್ತದೆ, ಅದು ಕೇಳು. ಫೆವಿಕ್ವಿಕ್, ಎಂ-ಸೀಲ್ ಹತ್ತಿರವೂ ತರಬೇಡ. ಕ್ಲಿಪ್ ಇರುವ ಪ್ಯಾನೆಲ್ ತೆಗೆಯುವುದಿದ್ದರೆ ಮಧ್ಯಾಹ್ನ ತೆಗೆ. ಬೆಳಗ್ಗೆ ತಂಪಿನಲ್ಲಿ ಎಳೆದರೆ ಕ್ಲಿಪ್ ಪಟ್ ಅಂತ ಮುರಿಯುತ್ತವೆ.

ಒಂದು ಎಚ್ಚರಿಕೆ. ಮುಂದಿನ ಗಾಜಿನ ಪಕ್ಕದ ಓರೆ ಕಂಬದ ಮೇಲೆ ಏರ್‌ಬ್ಯಾಗ್ ಅಂತ ಬರೆದಿದ್ದರೆ ಅಲ್ಲಿ ಸ್ಪಂಜ್ ತುರುಕಬೇಡ. ಸೀಟಿನ ಕೆಳಗಿನ ಹಳದಿ ಪ್ಲಗ್ಗೂ ಕೀಳಬೇಡ, ಅದೂ ಏರ್‌ಬ್ಯಾಗಿಗೆ ಸಂಬಂಧಪಟ್ಟಿದ್ದು.

ಬೀದರ್ ಕೆಂಪುಮಣ್ಣು

ಕಾಕಾ ಹೇಳಿದ್ದು ಸರಿ. ಆದರೆ ಎಲ್ಲ ಸದ್ದೂ ಒಳಗಿನದಲ್ಲ. ನನಗೂ ಡ್ಯಾಶ್‌ಬೋರ್ಡ್ ಅನ್ನಿಸಿತ್ತು, ಆಮೇಲೆ ನೋಡಿದರೆ ಮುಂದಿನ ಸಸ್ಪೆನ್ಷನ್ನಿನ ಲಿಂಕ್ ರಾಡ್ ಅನ್ನುವ ಸಣ್ಣ ಸಲಾಕೆ ಸವೆದಿತ್ತು. ಎಷ್ಟು ಒತ್ತಿದರೂ ನಿಲ್ಲದಿದ್ದರೆ, ಗಾಜು ಇಳಿಸಿ ಉದ್ದನೆಯ ಕಾಂಪೌಂಡ್ ಗೋಡೆ ಪಕ್ಕ ನಿಧಾನಕ್ಕೆ ಓಡಿಸಿ. ಕೆಳಗಿನ ಸದ್ದು ಗೋಡೆಗೆ ಬಡಿದು ಸ್ಪಷ್ಟ ಕೇಳುತ್ತದೆ.

ಸೇಡಂ ಅಪ್‌ಡೌನ್

ಎಲ್ಲರಿಗೂ, ಮುಖ್ಯವಾಗಿ ಕಾಕಾ ಅವರಿಗೆ. ಸಿಕ್ಕಿತು!

ಭಾನುವಾರ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಚಾದರ ಹಾಸಿ ಕಾರು ಖಾಲಿ ಮಾಡಿದೆ. ಮೂರು ಪೆನ್, ಒಂದು ಟೀ ಸೋಸುವ ಜರಡಿ (ಹೇಗೆ ಬಂತೋ ದೇವರಿಗೇ ಗೊತ್ತು), ಸ್ಟೆಪ್ನಿ ಗುಂಡಿಯಲ್ಲಿ ಒಂದು ಹಿಡಿ ತೊಗರಿ. ಜನವರಿಯಲ್ಲಿ ತವರಿನಿಂದ ಚೀಲ ತಂದಿದ್ದೆ, ಸೋರಿದೆ. ಬ್ರೇಕ್ ಹಾಕಿದಾಗ ಸರ್ರ್ ಅನ್ನುತ್ತಿದ್ದದ್ದು ಅದು ಅಂತ, ಅದು ಹೋದ ಮೇಲೆ ಗೊತ್ತಾಯ್ತು. ಟೈರಿನಲ್ಲಿ ಗಾಳಿ 38 ಇತ್ತು, ಇಳಿಸಿದೆ.

ತಂಗಿಯ ಮಗ ಓಡಿಸಿದ, ನಾನು ಒತ್ತುತ್ತಾ ಕೂತೆ. ಎಡ ಮೂಲೆ ಒತ್ತಿದರೆ ನಿಲ್ಲುತ್ತಿತ್ತು. ಗ್ಲವ್ ಬಾಕ್ಸ್ ಮುಚ್ಚಳ ಒತ್ತಿದರೂ ನಿಲ್ಲುತ್ತಿತ್ತು. ಅಷ್ಟರಲ್ಲಿ ಕಾಕಾ ಕೇಳಿದ ಪ್ರಶ್ನೆ ನೆನಪಾಯ್ತು. ಸದ್ದು ಶುರುವಾಗುವ ಮುಂಚಿನ ವಾರ ಒಂದು ಅಂಗಡಿಯಲ್ಲಿ ರಿವರ್ಸ್ ಕ್ಯಾಮೆರಾ ಹಾಕಿಸಿದ್ದೆ, ಅದರ ವೈರು ಡ್ಯಾಶ್‌ಬೋರ್ಡ್ ಒಳಗೇ ಹೋಗುತ್ತದಲ್ಲ! ಗ್ಲವ್ ಬಾಕ್ಸಿನ ಎರಡೂ ಪಕ್ಕ ಒಳಗೆ ಅಮುಕಿದರೆ ಅದು ಪೂರ್ತಿ ಕೆಳಗೆ ಬೀಳುತ್ತದೆ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಹೆಬ್ಬೆರಳ ಉಗುರಿನಷ್ಟು ಬಿಳಿ ಪ್ಲಗ್ ಒಂದು ಗೇಣುದ್ದ ವೈರಿನ ತುದಿಯಲ್ಲಿ ತೂಗಾಡುತ್ತಿತ್ತು. ಪಕ್ಕದ ಎಸಿ ಪೈಪಿನ ಕಪ್ಪು ಪ್ಲಾಸ್ಟಿಕ್ ಮೇಲೆಲ್ಲ ಸಿಮೆಂಟ್ ಧೂಳು. ಪ್ಲಗ್ ಬಡಿದೂ ಬಡಿದೂ ಅಲ್ಲೊಂದು ಕಡೆ ಮಾತ್ರ ಧೂಳು ಹೋಗಿ, ನಾಲ್ಕಾಣೆಯಷ್ಟು ಜಾಗ ಹೊಳೆಯುತ್ತಿತ್ತು. ಮಖಮಲ್ ಟೇಪ್ ಸುತ್ತಿ, ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬೇರೆ ವೈರಿಗೆ ಬಿಗಿಯಾಗಿ ಕಟ್ಟಿದೆ. ಆರು ಸಾವಿರದ ಕೆಲಸ ಇಷ್ಟೇ.

ಸೀಟು ಮಡಚಿದರೂ ಕಿರ್ರ್ ಹೋಗಲಿಲ್ಲ. ಹಿಂದಿನ ಎಡ ಬಾಗಿಲಿನ ರಬ್ಬರ್ ಒರೆಸಿದರೆ ಬಟ್ಟೆ ಸುಣ್ಣ ಬಳಿದ ಹಾಗಾಯ್ತು. ಸಿಲಿಕಾನ್ ಸವರಿದ ಮೇಲೆ ನಾಲ್ಕು ದಿನ ಸುಮ್ಮನಿತ್ತು. ಇವತ್ತು ಮಳಖೇಡದ ಹಂಪ್ ಮೇಲೆ ಸಣ್ಣಗೆ ಮತ್ತೆ ಕೇಳಿಸಿತು.

ಡಿಪೋ ಕಾಕಾ

ಬಲಗಡೆ ಬಾಗಿಲೂ ಒರೆಸು, ತಂಗಿ. ಡಿಕ್ಕಿ ಬಾಗಿಲಿನ ಎರಡೂ ಅಂಚಿಗೆ ರಬ್ಬರ್ ಗುಂಡಿ ಇರುತ್ತವೆ. ತಿರುಗುವಂಥವಾದರೆ ಅರ್ಧ ಸುತ್ತು ಹೊರಗೆ ತಿರುಗಿಸು, ಬಾಗಿಲು ಬಿಗಿಯಾಗಿ ಕೂರುತ್ತದೆ. ಆ ರಸ್ತೆ ಧೂಳಿಗೆ ಎರಡು ತಿಂಗಳಿಗೊಮ್ಮೆ ಒರೆಸಲೇಬೇಕು.

ಹುಮನಾಬಾದ್ ಹುಡುಗ

ಅಕ್ಕಾ, ಆ ತೊಗರಿ ಏನು ಮಾಡಿದಿರಿ?

ಸೇಡಂ ಅಪ್‌ಡೌನ್

ಒಂದು ಹೊತ್ತಿನ ಬ್ಯಾಳಿಗೂ ಸಾಲಲಿಲ್ಲ. ಮಾಳಿಗೆ ಮೇಲೆ ಪಾರಿವಾಳಕ್ಕೆ ಹಾಕಿದೆ.